ಡಾರ್ಕ್ ಮ್ಯಾಟರ್ ಸಂಶೋಧನೆ ಕಲಿಯಲು ಮೂರು ಆನ್‌ಲೈನ್ ದಾರಿಗಳು: ನಾನು ಮಾಡಿ ನೋಡಿದ್ದು

ಕಾಲೇಜಿನಲ್ಲಿ ಟೆಲಿಸ್ಕೋಪ್ ಇಲ್ಲ, ಹೇಳಿಕೊಡುವವರಿಲ್ಲ. ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದೆ ಬರೀ ಗುರುತ್ವದಿಂದ ತನ್ನ ಇರುವಿಕೆ ತೋರಿಸುವ ದ್ರವ್ಯದ ಮೇಲೆ ನಿಜವಾದ ಕೆಲಸ ಮಾಡಲು ಆಗುತ್ತಾ? ಬಿಎಸ್ಸಿ ಓದುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಖಂಡಿತ ಆಗುತ್ತದೆ. ನಾನು ಮೂರು ದಾರಿಗಳನ್ನು ಮಾಡಿ ನೋಡಿದ್ದೇನೆ. ಮೂರೂ ಹೊರದೇಶದವರು ಎಲ್ಲರಿಗೂ ತೆರೆದಿಟ್ಟಿರುವಂಥವು. ಆದರೆ ಒಂದೊಂದರಲ್ಲಿ ಸಿಗುವುದು ಒಂದೊಂದು.

ಮೊದಲನೆಯದು ಕೋರ್ಸೆರಾದಲ್ಲಿರುವ ಸಿಡ್ನಿ ವಿಶ್ವವಿದ್ಯಾಲಯದ ‘ಡೇಟಾ ಡ್ರಿವನ್ ಅಸ್ಟ್ರಾನಮಿ’. ತಾರಾ ಮರ್ಫಿ ಮತ್ತು ಸೈಮನ್ ಮರ್ಫಿ ಪಾಠ ಮಾಡುತ್ತಾರೆ. ಪೈಥಾನ್ ಕೋಡನ್ನು ಬ್ರೌಸರ್‌ನಲ್ಲೇ ಬರೆಯಬಹುದು. ರೇಡಿಯೊ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಮಂಕಾದ ಪಲ್ಸಾರ್ (ವೇಗವಾಗಿ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರ) ಹುಡುಕುವುದು, ಎರಡು ಪಟ್ಟಿಗಳಲ್ಲಿರುವ ಒಂದೇ ಆಕಾಶಕಾಯವನ್ನು ಹೊಂದಿಸುವುದು, ದತ್ತಾಂಶ ಹುಡುಕಿ ತೆಗೆಯುವ ಭಾಷೆ ಎಸ್‌ಕ್ಯೂಎಲ್, ಮಷಿನ್ ಲರ್ನಿಂಗ್ ಎಲ್ಲವೂ ಇವೆ. ಕೈ ಪಳಗಿಸಲು ಇಷ್ಟು ಒಳ್ಳೆಯ ಕೋರ್ಸ್ ನಾನು ಬೇರೆ ನೋಡಿಲ್ಲ. ಆದರೆ ಇದರ ವಿಷಯ ಡಾರ್ಕ್ ಮ್ಯಾಟರ್ ಅಲ್ಲ. ಸರಿಯುತ್ತರ ಮೊದಲೇ ಗೊತ್ತಿರುವ ಲೆಕ್ಕಗಳೇ ಎಲ್ಲ.

ಎರಡನೆಯದು ‘ಸ್ಪೇಸ್ ವಾರ್ಪ್ಸ್’. ಸಾಮಾನ್ಯ ಜನರೂ ವಿಜ್ಞಾನದ ಕೆಲಸದಲ್ಲಿ ಕೈಜೋಡಿಸುವ ಝೂನಿವರ್ಸ್ ಜಾಲತಾಣದಲ್ಲಿ 2013ರಲ್ಲಿ ಶುರುವಾಯಿತು. ಹತ್ತಿರದ ಗ್ಯಾಲಕ್ಸಿಯ ಗುರುತ್ವ ಅದರ ಹಿಂದಿರುವ ಗ್ಯಾಲಕ್ಸಿಯ ಬೆಳಕನ್ನು ಬಗ್ಗಿಸುತ್ತದೆ. ಆಗ ಚಿತ್ರದಲ್ಲಿ ನೀಲಿ ಕಮಾನು ಅಥವಾ ಉಂಗುರ ಕಾಣಿಸುತ್ತದೆ. ಅಂಥ ಕಮಾನುಗಳನ್ನು ಹುಡುಕುವುದು ನಮ್ಮ ಕೆಲಸ. ಬೆಳಕು ಎಷ್ಟು ಬಗ್ಗಿದೆ ಎನ್ನುವುದರಿಂದ ಒಟ್ಟು ದ್ರವ್ಯರಾಶಿ ಸಿಗುತ್ತದೆ, ಕಾಣದಿರುವುದೂ ಸೇರಿ. ನಡುನಡುವೆ ಅವರೇ ಕೃತಕ ಕಮಾನುಗಳನ್ನು ಇಟ್ಟಿರುತ್ತಾರೆ. ಅವನ್ನು ಗುರುತಿಸಿದರೆ ತಕ್ಷಣ ತಿಳಿಸುತ್ತಾರೆ. ಹೀಗೆ ಕಣ್ಣು ನಿಧಾನಕ್ಕೆ ಪಳಗುತ್ತದೆ. ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಹೀಗೆ ಬೆಳಕು ಬಗ್ಗಿಸುವ ಸುಮಾರು 500 ‘ಗುರುತ್ವ ಮಸೂರ’ಗಳು ಇರಬಹುದೆಂದು 2025ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಪ್ಯೂಟರ್ ಮತ್ತು ತಜ್ಞರ ಜೊತೆ ಸಾಮಾನ್ಯ ಜನರ ಕಣ್ಣಿನ ಕೆಲಸವೂ ಇದೆ. ಇದು ನಿಜವಾದ ವಿಜ್ಞಾನ, ಸಂಶಯವೇ ಇಲ್ಲ. ಆದರೆ ನಮ್ಮ ಪಾಲು ಗುರುತು ಹಾಕುವುದಷ್ಟೇ. ದ್ರವ್ಯರಾಶಿಯ ಲೆಕ್ಕವನ್ನು ಬೇರೆಯವರು ಮಾಡುತ್ತಾರೆ. ಹೈಸ್ಕೂಲ್ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ನನ್ನ ಮನಸ್ಸು ಪೂರ್ತಿ ಹಿಡಿದದ್ದು ಮೂರನೆಯದು. ಅದು ಕೋರ್ಸೇ ಅಲ್ಲ. ‘ಸ್ಪಾರ್ಕ್’ ಎನ್ನುವ ದತ್ತಾಂಶ ಸಂಗ್ರಹ. ಫೆಡೆರಿಕೊ ಲೆಲ್ಲಿ, ಸ್ಟೇಸಿ ಮೆಕ್‌ಗಾ, ಜೇಮ್ಸ್ ಶೊಂಬರ್ಟ್ 2016ರಲ್ಲಿ ಪ್ರಕಟಿಸಿದ್ದು. 175 ಗ್ಯಾಲಕ್ಸಿಗಳಿವೆ. ಗ್ಯಾಲಕ್ಸಿಯ ಕೇಂದ್ರದಿಂದ ಎಷ್ಟು ದೂರದಲ್ಲಿ ಸುತ್ತುವ ವೇಗ ಎಷ್ಟು ಎಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಕೊಟ್ಟಿದ್ದಾರೆ. ಪಕ್ಕದ ಕಾಲಂಗಳಲ್ಲಿ ಬರೀ ಅನಿಲ ಮತ್ತು ನಕ್ಷತ್ರಗಳಿದ್ದಿದ್ದರೆ ಎಷ್ಟು ವೇಗ ಬರುತ್ತಿತ್ತು ಎನ್ನುವ ಲೆಕ್ಕವಿದೆ.

ಅದರಲ್ಲಿರುವ ಎನ್‌ಜಿಸಿ 3198 ಎನ್ನುವ ಗ್ಯಾಲಕ್ಸಿಯನ್ನು ತೆಗೆದುಕೊಳ್ಳಿ. ಹೊರಗೆ ಹೋದಂತೆ ನಕ್ಷತ್ರಗಳು ಕಡಿಮೆಯಾಗುತ್ತವೆ, ವೇಗವೂ ಇಳಿಯಬೇಕು. ನಮ್ಮ ಸೌರವ್ಯೂಹದಲ್ಲಿ ಬುಧ ಓಡುವಷ್ಟು ಜೋರಾಗಿ ನೆಪ್ಚೂನ್ ಓಡುವುದಿಲ್ಲ, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ವೇಗ ಸೆಕೆಂಡಿಗೆ ಸುಮಾರು 150 ಕಿ.ಮೀ.ಗೆ ಏರಿ, ದೂರದವರೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿ. 30 ಕಿಲೋಪಾರ್ಸೆಕ್ (ಸುಮಾರು 98,000 ಜ್ಯೋತಿರ್ವರ್ಷ) ಒಳಗೆ ಸುಮಾರು 15,700 ಕೋಟಿ ಸೂರ್ಯಗಳಷ್ಟು ದ್ರವ್ಯರಾಶಿ ಬರುತ್ತದೆ. ಕಾಣುವ ನಕ್ಷತ್ರ, ಅನಿಲ ಎಲ್ಲ ಕೂಡಿದರೂ ಅದರ ಹತ್ತಿರಕ್ಕೆ ಹೋಗುವುದಿಲ್ಲ. ಈ ಕೊರತೆ ನಮ್ಮದೇ ಗ್ರಾಫ್‌ನಲ್ಲಿ ಕಂಡಾಗ ಆಗುವ ರೋಮಾಂಚನ ಯಾವ ವಿಡಿಯೊ ನೋಡಿದರೂ ಆಗುವುದಿಲ್ಲ.

ಸಂಶೋಧನೆ ಶುರುವಾಗುವುದು ಇಲ್ಲಿಂದ ಮುಂದೆ. ನಕ್ಷತ್ರಗಳ ಬೆಳಕಿನಿಂದ ಅವುಗಳ ದ್ರವ್ಯರಾಶಿಯನ್ನು ಅಂದಾಜು ಮಾಡಬೇಕು. 3.6 ಮೈಕ್ರಾನ್ ಅತಿಗೆಂಪು ಬೆಳಕಿಗೆ ದ್ರವ್ಯರಾಶಿ ಮತ್ತು ಬೆಳಕಿನ ಅನುಪಾತ (ಎರಡನ್ನೂ ಸೂರ್ಯನ ಲೆಕ್ಕದಲ್ಲಿ ಅಳೆದು) 0.5 ಎಂದು ಹಿಡಿಯುವುದುಂಟು. ಅದನ್ನು 0.8 ಮಾಡಿ ನೋಡಿ. ಗ್ಯಾಲಕ್ಸಿಯ ಒಳಭಾಗದಲ್ಲಿ ಡಾರ್ಕ್ ಮ್ಯಾಟರ್ ಕಡಿಮೆ ಸಾಕು ಅನ್ನಿಸುತ್ತದೆ. ಯಾವುದು ಸರಿ? ಯಾರೂ ಟಿಕ್ ಹಾಕಿಕೊಡುವುದಿಲ್ಲ. ನಮ್ಮ ಆಯ್ಕೆಗೆ ನಾವೇ ಕಾರಣ ಕೊಡಬೇಕು. ಅಷ್ಟೇ ಅಲ್ಲ, ಡಾರ್ಕ್ ಮ್ಯಾಟರ್ ಬದಲು ಗುರುತ್ವದ ನಿಯಮವೇ ಬೇರೆ ಇರಬಹುದು ಎನ್ನುವ ‘ಮಾಂಡ್’ ವಾದವನ್ನು ಮೆಕ್‌ಗಾ ಅವರೇ ಗಂಭೀರವಾಗಿ ಮುಂದಿಡುತ್ತಾರೆ. ಇನ್ನೂ ಮುಗಿಯದ ಜಗಳದ ನಡುವೆ ವಿದ್ಯಾರ್ಥಿ ನೇರವಾಗಿ ಬಂದು ನಿಲ್ಲುತ್ತಾನೆ.

ಕಷ್ಟವೂ ಇದೆ. ಸಿಕ್ಕಿಕೊಂಡರೆ ಬಿಡಿಸುವವರಿಲ್ಲ. ಪೈಥಾನ್ ಬಾರದವರು ಸುಮ್ನೆ ಫೈಲ್ ತೆರೆದು ಕೂತರೆ ಬೇಸರವಾಗುತ್ತದೆ. ಅಂಥವರು ಸಿಡ್ನಿ ಕೋರ್ಸಿನ ಮೊದಲ ಪಾಠಗಳನ್ನು ಮುಗಿಸಿ ಬರಲಿ. ದುಡ್ಡು ಕೊಟ್ಟು ಸೇರುವ ಸಂಶೋಧನಾ ಕೋರ್ಸ್‌ಗಳೂ ಈಗ ಇವೆ. ಸೇರುವ ಮೊದಲು ಒಂದು ಮಾತು ಕೇಳಿ: ದತ್ತಾಂಶ ನಮ್ಮ ಕೈಗೆ ಬರುತ್ತದಾ, ಇಲ್ಲ ಬರೀ ಪ್ರಮಾಣಪತ್ರವಾ?

ಸ್ಪಾರ್ಕ್ ತೆರೆಯುವವರಿಗೆ ಎರಡು ಕಿವಿಮಾತು. ಫೈಲ್‌ನಲ್ಲಿ ನಕ್ಷತ್ರಗಳ ಪಾಲಿನ ವೇಗವನ್ನು, ಮೇಲೆ ಹೇಳಿದ ಅನುಪಾತ 1 ಎಂದು ಹಿಡಿದು ಬರೆದಿದ್ದಾರೆ. ಹಾಗಾಗಿ ಆ ವೇಗದ ವರ್ಗವನ್ನು 0.5ರಿಂದ ಗುಣಿಸಿದ ಮೇಲೆಯೇ ಅನಿಲದ ವೇಗದ ವರ್ಗವನ್ನು ಕೂಡಿಸಿ. ಎನ್‌ಜಿಸಿ 3198 ಮುಗಿದ ಮೇಲೆ ಡಿಡಿಒ 154 ತೆಗೆದುಕೊಳ್ಳಿ. ಅದು ಪುಟ್ಟ ಗ್ಯಾಲಕ್ಸಿ, ಅನಿಲವೇ ಜಾಸ್ತಿ, ನಕ್ಷತ್ರಗಳು ಕಡಿಮೆ. ಅನುಪಾತವನ್ನು ಎಷ್ಟು ಬದಲಿಸಿದರೂ ಅಲ್ಲಿ ಕೊರತೆ ಹೆಚ್ಚೇನೂ ಕರಗುವುದಿಲ್ಲ.