ಟ್ರೈಔಟ್‌ಗೆ ದುಡ್ಡು ಕಟ್ಟುವ ಮುಂಚೆ ಖಾಲಿ ಜಾಗ ಎಷ್ಟಿದೆ ಅಂತ ಕೇಳಿ

ಟೊರಾಂಟೊ ಸುತ್ತಮುತ್ತ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು. ಐಸ್ ಹಾಕಿಯ ಹೌಸ್ ಲೀಗ್‌ನಲ್ಲಿ (ಹೆಸರು ಕೊಟ್ಟ ಮಕ್ಕಳೆಲ್ಲ ಆಡುವ ಲೀಗ್) ಮಗ ನಾಲ್ಕು ಗೋಲು ಹೊಡೆದ ಅಂತ ರೆಪ್ ಟೀಮಿನ, ಅಂದರೆ ಆರಿಸಿದ ಮಕ್ಕಳು ಮಾತ್ರ ಆಡುವ ಟೀಮಿನ, ಟ್ರೈಔಟ್‌ಗೆ (ಆಯ್ಕೆ ಪರೀಕ್ಷೆಗೆ) ಓಡಬೇಡಿ. ನಾನು ಓಡಿದ್ದೆ.

ನಾನು ದಾವಣಗೆರೆಯವನು. ಟೆನಿಸ್ ಬಾಲ್ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ, ಐಸ್ ಮೇಲೆ ಇವತ್ತಿಗೂ ಗೋಡೆ ಹಿಡಿದೇ ನಡೆಯುತ್ತೇನೆ. ಹಾಗಾಗಿ ಕೋಚ್ ಹೇಳಿದ್ದೇ ವೇದವಾಕ್ಯ. ಜನವರಿಯಲ್ಲಿ ಒಂದು ಯು-11 (ಹನ್ನೊಂದು ವರ್ಷದೊಳಗಿನ ಮಕ್ಕಳ) ಟೀಮಿನ ಕೋಚ್ ಮಗನ ಆಟ ನೋಡಿದರು. "ಹುಡುಗನ ಕಾಲು ಚುರುಕಾಗಿದೆ. ನನ್ನ ಸ್ಕಿಲ್ಸ್ ಕ್ಯಾಂಪಿಗೆ ಬರಲಿ, ಏಪ್ರಿಲ್‌ನಲ್ಲಿ ನೋಡೋಣ" ಅಂದರು. ಆ ಒಂದು 'ನೋಡೋಣ'ಕ್ಕೆ 600 ಡಾಲರ್ ಕಟ್ಟಿದೆ! ಎಂಟು ಭಾನುವಾರ, ಬೆಳಿಗ್ಗೆ ಐದೂವರೆಗೆ ಎದ್ದು, ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಹೊರಟಿದ್ದೇ ಹೊರಟಿದ್ದು.

ಟ್ರೈಔಟ್ ದಿನ ಡ್ರೆಸ್ಸಿಂಗ್ ರೂಮಿನಲ್ಲೇ ನನಗೆ ಅರ್ಥ ಆಗಬೇಕಿತ್ತು. ಮಗನ ಸ್ಕೇಟ್ ಲೇಸ್ ಬಿಗಿಯುತ್ತಾ ಸುತ್ತ ನೋಡಿದರೆ ಒಂದೇ ಬಣ್ಣದ ಬ್ಯಾಗು, ಒಂದೇ ಬಣ್ಣದ ಹೆಲ್ಮೆಟ್ಟು. ಹಳೇ ಟೀಮು ಪೂರ್ತಿ ಅಲ್ಲೇ ಕೂತಿತ್ತು. ಐಸ್ ಮೇಲೆ 52 ಮಕ್ಕಳು. ಟೀಮಿನ ಲೆಕ್ಕ ಹಾಕಿ: ತಲಾ ಮೂವರಂತೆ ಮೂರು ಫಾರ್ವರ್ಡ್ ಲೈನ್ ಅಂದರೆ 9, ಡಿಫೆನ್ಸ್ 6, ಗೋಲಿ 2. ಒಟ್ಟು 17.

ಗಾಜಿನ ಪಕ್ಕ ಕಾಫಿ ಹಿಡಿದು ನಿಂತಿದ್ದ ಇನ್ನೊಬ್ಬ ಅಪ್ಪ ಉಳಿದ ಲೆಕ್ಕ ಹೇಳಿದ. 14 ಜಾಗ ಆಗಲೇ ಹೋಗಿದೆಯಂತೆ. ಟೀಮಿಗೆ ಸೇರಲು ಸಹಿ ಹಾಕುವುದು ಟ್ರೈಔಟ್ ಶುರುವಾದ ಮೇಲೇ, ನಿಜ. ಆದರೆ ಬಾಯಿಮಾತು ಚಳಿಗಾಲದಲ್ಲೇ ಮುಗಿದಿರುತ್ತದೆ. ಅಂದರೆ ನಾವು ಬಂದಿದ್ದು ನಿಶ್ಚಿತಾರ್ಥ ಮುಗಿದ ಮೇಲೆ ನಡೆಯುವ ಹೆಣ್ಣು ನೋಡೋ ಶಾಸ್ತ್ರಕ್ಕೆ. ಉಪ್ಪಿಟ್ಟಿನ ಖರ್ಚು ಮಾತ್ರ ನಮ್ಮದು.

ಮಗನ ನಂಬರ್ 47. ಐವತ್ತು ನಿಮಿಷ ನಾನು ಅವನನ್ನು ಬಿಟ್ಟು ಕೋಚ್ ಕೈಯಲ್ಲಿದ್ದ ಪೆನ್ನನ್ನೇ ನೋಡಿದೆ. ಅದು ಅಲ್ಲಾಡಲಿಲ್ಲ. ಮಾರನೇ ದಿನ ಬಂದ ಪಟ್ಟಿಯಲ್ಲಿ 46 ಆದ ಮೇಲೆ 51 ಇತ್ತು. ಕ್ಯಾಂಪ್ ವಿಷಯ ಎತ್ತಿದರೆ "ಅದು ಬೇರೆ, ಇದು ಬೇರೆ" ಅಂದರು. ಹುಡುಗ ಅಷ್ಟು ಚೆನ್ನಾಗಿ ಆಡಲಿಲ್ಲ ಅಂತ ಹೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಹಿಂದಕ್ಕೆ ಸ್ಕೇಟ್ ಮಾಡುವುದರಲ್ಲಿ ಅವನು ಉಳಿದವರಿಗಿಂತ ನಿಧಾನವೇ.

ಈ ವರ್ಷ ಬೇರೆ ಕ್ಲಬ್ಬಿನ ಕೋಚ್‌ಗೆ ಮೊದಲೇ ಮೇಲ್ ಹಾಕಿದೆ. ಎಷ್ಟು ಮಕ್ಕಳು ವಾಪಸ್ ಬರುತ್ತಿದ್ದಾರೆ? ಯಾವ ಜಾಗ ಖಾಲಿ ಇದೆ? ಕೋಚ್‌ಗಳ ಮಕ್ಕಳು ಎಷ್ಟು ಜನ? ಟೂರ್ನಮೆಂಟ್ ಖರ್ಚು ಫೀಸಿನಲ್ಲೇ ಸೇರಿದೆಯಾ? ಸಂಕೋಚ ಆಯ್ತು, ಆದರೂ ಕೇಳಿದೆ. ಆ ಪುಣ್ಯಾತ್ಮ ನೇರವಾಗಿ ಬರೆದರು: ಡಿಫೆನ್ಸ್‌ನಲ್ಲಿ ಎರಡು ಖಾಲಿ, ಫಾರ್ವರ್ಡ್ ಒಂದೂ ಇಲ್ಲ. ನನ್ನ ಮಗ ಫಾರ್ವರ್ಡ್. ಸುಮ್ನೆ ಮನೆಯಲ್ಲೇ ಉಳಿದೆವು.

ಶನಿವಾರದ ಹೌಸ್ ಲೀಗ್ ನಡೆಯುತ್ತಿದೆ. ಆ ಕ್ಯಾಂಪಿಗೆಂದು ಕೊಂಡ ಸ್ಕೇಟು ಆಗಲೇ ಚಿಕ್ಕದಾಗಿದೆ. ಸೈಜ್ 4, ಜಾಸ್ತಿ ಸವೆದಿಲ್ಲ. ಬೇಕಾದವರು ಹೇಳಿ, ದುಡ್ಡು ಬೇಡ.