ಇಷ್ಟ ಬಂದಷ್ಟು ಕೊಡಿ ಅಂದರೆ ಎಷ್ಟು ಕೊಡಬೇಕು? ಬ್ಯಾಂಡ್‌ಕ್ಯಾಂಪ್, ಕೋ-ಫೈ, ಪೇಟ್ರಿಯಾನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸ್ವತಂತ್ರ ಸಂಗೀತಗಾರರಿಗೆ ನಾಲ್ಕು ಕಾಸು ಕೊಡಬೇಕು ಅನ್ನಿಸಿದರೆ ಬ್ಯಾಂಡ್‌ಕ್ಯಾಂಪ್ ಅನ್ನುವ ಸೈಟ್‌ಗೆ ಹೋಗಿ, ಅವರ ಆಲ್ಬಮ್ ತಗೊಳ್ಳಿ, ಕೇಳಿದ ಬೆಲೆಗಿಂತ ಸ್ವಲ್ಪ ಜಾಸ್ತಿ ಹಾಕಿ. ಆಲ್ಬಮ್ ಏನೂ ಬೇಡ, ಸುಮ್ನೆ ಕೊಡಬೇಕು ಅಂದರೆ ಕೋ-ಫೈ. ಪ್ರತಿ ತಿಂಗಳೂ ಕೊಡುವ ಮನಸ್ಸು ನಿಜಕ್ಕೂ ಇದ್ದರೆ ಮಾತ್ರ ಪೇಟ್ರಿಯಾನ್, ಅದೂ ಬ್ರೌಸರ್‌ನಿಂದ. ಯಾವುದನ್ನು ಬಳಸಿದರೂ ಚಿಲ್ಲರೆ ಚಿಲ್ಲರೆಯಾಗಿ ಹತ್ತು ಸಲ ಕೊಡಬೇಡಿ, ಒಟ್ಟಿಗೆ ಒಂದು ಸಲ ಕೊಡಿ.

ಯಾಕೆ ಅಂದರೆ ಲೆಕ್ಕ ಹೀಗಿದೆ. ಕಾರ್ಡ್ ಪಾವತಿ ನೋಡಿಕೊಳ್ಳುವ ಕಂಪನಿಗಳು ಅಮೆರಿಕದಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದು ಶೇ. 2.9, ಅದರ ಮೇಲೆ 30 ಸೆಂಟ್. ಬೇರೆ ಕಡೆ ಅಂಕಿ ಬೇರೆ ಇರುತ್ತದೆ, ಆದರೆ ಲೆಕ್ಕದ ರೀತಿ ಹೆಚ್ಚುಕಡಿಮೆ ಇದೇ. ಶೇಕಡಾ ಲೆಕ್ಕದ್ದು ತೊಂದರೆ ಇಲ್ಲ, ಕುತ್ತು ಇರುವುದು ಆ 30 ಸೆಂಟ್‌ನಲ್ಲಿ. ನೀವು ಒಂದು ಡಾಲರ್ ಕೊಟ್ಟರೆ ಆ ಕಡೆ ತಲುಪುವುದು 67 ಸೆಂಟ್. ಹತ್ತು ಸಲ ಒಂದೊಂದು ಡಾಲರ್ ಕೊಟ್ಟರೆ 6.71 ಡಾಲರ್. ಅದೇ ಹತ್ತನ್ನು ಒಂದೇ ಸಲ ಕೊಟ್ಟರೆ 9.41. ಇಷ್ಟೂ ಸೈಟ್‌ನವರು ತಮ್ಮ ಪಾಲು ಮುರಿದುಕೊಳ್ಳುವ ಮೊದಲೇ! ಸಣ್ಣ ಟಿಪ್ ಕೊಟ್ಟೆ ಅಂತ ನಮಗೆ ಖುಷಿ, ಅದರ ಮೂರನೇ ಒಂದು ಭಾಗ ಕಾರ್ಡ್ ಕಂಪನಿಗೆ ಹೋಗಿದ್ದು ನಮಗೆ ಕಾಣುವುದೇ ಇಲ್ಲ.

ರೇಡಿಯೋಹೆಡ್ 2007ರಲ್ಲಿ ತಮ್ಮ ಸೈಟ್‌ನಲ್ಲೇ ಆಲ್ಬಮ್ ಇಟ್ಟು ಇಷ್ಟ ಬಂದಷ್ಟು ಕೊಡಿ ಅಂದಾಗ ಸೊನ್ನೆ ಹಾಕಿದವರಿಗೂ ಹಾಡು ಸಿಗುತ್ತಿತ್ತು, ಏನಾದರೂ ಕೊಡುತ್ತೇನೆ ಅಂದವರಿಗೆ ಮಾತ್ರ ಕಾರ್ಡ್ ಖರ್ಚು ಅಂತ 45 ಪೆನ್ಸ್ ಸೇರುತ್ತಿತ್ತು. ಕೊಡುವವನಿಗೇ ದಂಡ. ಅವರೇನೋ ಆಗಲೇ ಜಗತ್ತೆಲ್ಲ ಬಲ್ಲ ಬ್ಯಾಂಡ್, ನಡೆಯಿತು. ಯಾರಿಗೂ ಹೆಸರೇ ಗೊತ್ತಿಲ್ಲದ, ಮನೆಯ ಒಂದು ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡುವವರಿಗೆ ಅದೇ ದಾರಿ ನಡೆಯುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ಇನ್ನು ಹಾಡು ಸ್ಟ್ರೀಮ್ ಮಾಡಿದರೆ ಸಾಲದೇ ಅಂತ ಕೇಳುವವರು ಇರುತ್ತಾರೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮ ಇದೆ: ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ಹಾಡಿಗೆ ರಾಯಲ್ಟಿ ಇಲ್ಲವೇ ಇಲ್ಲ. ನಿಮ್ಮ ಇಷ್ಟದ ಸಣ್ಣ ಕಲಾವಿದರ ಹಾಡು 900 ಸಲ ಓಡಿದ್ದರೆ ಅವರಿಗೆ ಸಿಕ್ಕಿದ್ದು ಸೊನ್ನೆ. ನೀವು ರಾತ್ರಿಯಿಡೀ ಅದನ್ನೇ ಹಾಕಿಕೊಂಡು ಮಲಗಿದರೂ ಅಷ್ಟೇ.

ಈಗ ಬ್ಯಾಂಡ್‌ಕ್ಯಾಂಪ್. ಇದು 2008ರಲ್ಲಿ ಶುರುವಾಗಿದ್ದು. ನನಗೆ ಇದರಲ್ಲಿ ಹಿಡಿಸುವುದು ಆ ಬೆಲೆ ಬರೆಯುವ ಖಾಲಿ ಡಬ್ಬಿ. ಕಲಾವಿದರು ಕನಿಷ್ಠ ಬೆಲೆ ಇಷ್ಟು ಅಂತ ಇಡಬಹುದು, ಸೊನ್ನೆ ಅಂತಲೂ ಇಡಬಹುದು, ಅದಕ್ಕಿಂತ ಮೇಲೆ ಎಷ್ಟು ಬರೆಯುತ್ತೀರೋ ನಿಮಗೆ ಬಿಟ್ಟಿದ್ದು. ದಾನ ಕೊಡುತ್ತಿದ್ದೇನೆ ಅನ್ನುವ ಭಾವನೆ ಬರುವುದಿಲ್ಲ, ಕಲಾವಿದರಿಗೂ ಕೈ ಚಾಚಿದ ಹಾಗೆ ಅನ್ನಿಸುವುದಿಲ್ಲ. ಹಾಡು ಕೇಳಿ ಮನಸ್ಸು ತುಂಬಿರುವ ಹೊತ್ತಿಗೇ ಆ ಡಬ್ಬಿ ಎದುರಿಗಿರುತ್ತದೆ, ಅದೇ ಇದರ ಜಾಣತನ. ಎರಡು ದಿನ ಬಿಟ್ಟು ಬೇರೆ ಸೈಟ್ ಹುಡುಕಿ ಕೊಡಬೇಕು ಅಂದರೆ ಯಾರು ಕೊಡುತ್ತಾರೆ? ಹಣ ಕೊಟ್ಟರೆ ಫೈಲ್ ನಿಮ್ಮದು, ಫ್ಲಾಕ್ ಬೇಕಾ, ವೇವ್ ಬೇಕಾ, ಎಂಪಿ3 ಸಾಕಾ, ಫೈಲ್‌ನ ಬಗೆ ನೀವೇ ಆರಿಸಿಕೊಳ್ಳಬಹುದು. ಕೊಡುವಾಗ ಕಲಾವಿದರಿಗೆ ಎರಡು ಸಾಲು ಬರೆಯಲು ಜಾಗ ಇದೆ. ಅದನ್ನು ಖಾಲಿ ಬಿಡಬೇಡಿ, ಯಾವ ಹಾಡು ಯಾಕೆ ಇಷ್ಟವಾಯಿತು ಅಂತ ಬರೆಯಿರಿ.

ಸೊನ್ನೆ ಬರೆದರೆ ಯಾರಿಗೂ ನಷ್ಟ ಇಲ್ಲ ಅಂದುಕೊಂಡಿದ್ದೀರಾ? ಹಾಗೇನಿಲ್ಲ. ಒಬ್ಬ ಕಲಾವಿದರಿಗೆ ಬ್ಯಾಂಡ್‌ಕ್ಯಾಂಪ್ ತಿಂಗಳಿಗೆ 200 ಉಚಿತ ಡೌನ್‌ಲೋಡ್ ಕೊಡುತ್ತದೆ. ನೀವು ಸೊನ್ನೆ ಹಾಕಿ ಇಳಿಸಿಕೊಂಡರೆ ಅದರಲ್ಲಿ ಒಂದು ಖರ್ಚಾಯಿತು. ಕೈಯಲ್ಲಿ ದುಡ್ಡಿಲ್ಲದವರು ಸೊನ್ನೆ ಹಾಕಲಿ, ಅದಕ್ಕೆಂದೇ ಅಲ್ಲಿಟ್ಟಿರುವುದು. ಆದರೆ ಸುಮ್ನೆ ಕೇಳಿ ನೋಡೋಣ ಅಂತಿದ್ದರೆ ಡೌನ್‌ಲೋಡ್ ಯಾಕೆ, ಪೇಜ್‌ನಲ್ಲೇ ಹಾಡು ಓಡುತ್ತದೆ ಅಲ್ವಾ?

ಪಾಲಿನ ವಿಷಯ. ಡಿಜಿಟಲ್ ಮಾರಾಟಕ್ಕೆ ಬ್ಯಾಂಡ್‌ಕ್ಯಾಂಪ್ ಶೇ. 15 ತಗೊಳ್ಳುತ್ತದೆ, ಕಲಾವಿದರ ಮಾರಾಟ 5,000 ಡಾಲರ್ ದಾಟಿದ ಮೇಲೆ ಶೇ. 10. ಸೀಡಿ, ಎಲ್‌ಪಿ, ಟೀ-ಶರ್ಟ್ ಇಂಥವಕ್ಕೆ ಮೊದಲ ಮಾರಾಟದಿಂದಲೇ ಶೇ. 10. ಅದರ ಮೇಲೆ ಪಾವತಿ ಶುಲ್ಕ. ಅಂದರೆ ಹತ್ತು ಡಾಲರ್ ಕೊಟ್ಟರೆ ಎಲ್ಲ ಕಳೆದು ಹತ್ತಿರ ಹತ್ತಿರ ಎಂಟು ಡಾಲರ್ ಹೋಗುತ್ತದೆ. ಪರವಾಗಿಲ್ಲ ಅನ್ನಿಸುವ ಲೆಕ್ಕ. ಇದರಲ್ಲಿ ನನಗೆ ಹಿಡಿಸದ ಸಂಗತಿ ಒಂದಿದೆ: ತನ್ನ ಪಾಲನ್ನು ಪ್ರತಿ ಮಾರಾಟದಿಂದ ಸ್ವಲ್ಪ ಸ್ವಲ್ಪ ಹಿಡಿಯುವ ಬದಲು, ಬಾಕಿ ಬೆಳೆಯಲು ಬಿಟ್ಟು, ಆಮೇಲೆ ಯಾವುದೋ ಒಂದು ಮಾರಾಟದ ಹಣವನ್ನು ಇಡಿಯಾಗಿ ತಾನೇ ಇಟ್ಟುಕೊಳ್ಳುವ ಪದ್ಧತಿ ಬ್ಯಾಂಡ್‌ಕ್ಯಾಂಪ್ ಮೊದಲಿಂದ ನಡೆಸಿಕೊಂಡು ಬಂದದ್ದು. ಒಟ್ಟು ಲೆಕ್ಕ ಸರಿಯಾಗುತ್ತದೆ, ನಿಜ. ಆದರೆ ಪ್ರೀತಿಯಿಂದ ಕೊಟ್ಟ ನನ್ನ ಆ ಹಣ ಪೂರ್ತಿ ಬ್ಯಾಂಡ್‌ಕ್ಯಾಂಪ್‌ನ ಬಾಕಿಗೇ ಜಮಾ ಆಗಿರಬಹುದು ಅಂದರೆ ಮನಸ್ಸಿಗೆ ಒಂಥರಾ.

ಅದಕ್ಕೇ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಕಾದು ಕೊಡುವುದು ನನಗೆ ಇಷ್ಟ. ಆ ದಿನ ಅವರು ತಮ್ಮ ಪಾಲು ಬಿಟ್ಟುಕೊಡುತ್ತಾರೆ, ಪಾವತಿ ಶುಲ್ಕ ಮಾತ್ರ ಹೋಗುತ್ತದೆ. ಕೋವಿಡ್‌ನಿಂದ ಕಾರ್ಯಕ್ರಮಗಳೆಲ್ಲ ನಿಂತಾಗ, 2020ರ ಮಾರ್ಚ್ 20ರಂದು ಶುರುವಾಗಿದ್ದು ಇದು. ಮೊದಲ ದಿನವೇ ಕೇಳುಗರು 43 ಲಕ್ಷ ಡಾಲರ್ ಖರ್ಚು ಮಾಡಿದರು. ಈಗ ಎಲ್ಲ ತಿಂಗಳೂ ಇರುವುದಿಲ್ಲ, ದಿನಾಂಕ ಮೊದಲೇ ಹೇಳುತ್ತಾರೆ. ಇಷ್ಟವಾದ ಆಲ್ಬಮ್‌ಗಳನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟುಕೊಂಡು ಆ ದಿನ ಒಟ್ಟಿಗೆ ತಗೊಳ್ಳಿ. ದಿನದ ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು ಅನ್ನುವುದು ನೆನಪಿರಲಿ. ನಿಮ್ಮ ಶುಕ್ರವಾರ ಬೆಳಗ್ಗೆ ಅಲ್ಲಿ ಇನ್ನೂ ಗುರುವಾರ ಇರಬಹುದು.

ಕಂಪನಿಯ ಬಗ್ಗೆ ಒಂದು ಅಳುಕು ಇದ್ದೇ ಇದೆ. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು, 2023ರಲ್ಲಿ ಸಂಗೀತದ ಲೈಸೆನ್ಸ್ ವ್ಯವಹಾರದ ಸಾಂಗ್‌ಟ್ರೇಡರ್‌ಗೆ ಮಾರಿತು, ಮಾರಿದ ಬೆನ್ನಲ್ಲೇ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಸೈಟ್ ಈಗಲೂ ಮೊದಲಿನ ಹಾಗೇ ನಡೆಯುತ್ತಿದೆ. ಆದರೂ ತಗೊಂಡ ಫೈಲ್‌ಗಳನ್ನು ಅಲ್ಲೇ ಬಿಡದೆ ಇಳಿಸಿಟ್ಟುಕೊಳ್ಳಿ.

ಕೋ-ಫೈ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದರಲ್ಲಿ ಇರುವುದೇ ಕಡಿಮೆ. ಪೇಜ್ ತೆರೆದರೆ ಒಂದು ಕಾಫಿ, ಮೂರು ಕಾಫಿ ಅಂತ ಮೊತ್ತ ಇರುತ್ತದೆ, ಬೇಕಾದರೆ ನೀವೇ ಬರೆಯಬಹುದು, ಖಾತೆ ತೆರೆಯುವ ರಗಳೆ ಇಲ್ಲ. ಟಿಪ್‌ಗಳ ಮೇಲೆ ಕಮಿಷನ್ ಹಿಡಿಯುವುದಿಲ್ಲ ಅನ್ನುವುದರಿಂದಲೇ ಇದು ಹೆಸರು ಮಾಡಿದ್ದು. ಮೆಂಬರ್‌ಶಿಪ್, ಅಂಗಡಿ ಮಾರಾಟಕ್ಕೆ ಮಾತ್ರ ಉಚಿತ ಖಾತೆಯವರಿಂದ ಶೇ. 5. ಹಣ ನೇರವಾಗಿ ಕಲಾವಿದರ ಪೇಪಾಲ್ ಅಥವಾ ಸ್ಟ್ರೈಪ್ ಖಾತೆಗೆ ಬೀಳುತ್ತದೆ. ಪೇಪಾಲ್‌ನಲ್ಲಿ ಕೊಟ್ಟರೆ ನಿಮ್ಮ ಹೆಸರು, ಇಮೇಲ್ ಅವರಿಗೆ ಕಾಣುತ್ತದೆ, ಗುಟ್ಟಾಗಿ ಕೊಡಬೇಕು ಅನ್ನುವವರು ಗಮನಿಸಿ. ಕೊರತೆ ಅಂದರೆ ಹಾಡು ಒಂದು ಕಡೆ, ಹಣ ಕೊಡುವ ಪೇಜ್ ಇನ್ನೊಂದು ಕಡೆ. ಕಲಾವಿದರು ಲಿಂಕ್ ಎಲ್ಲಾದರೂ ಹಾಕದಿದ್ದರೆ ನಾವಾಗಿ ಹುಡುಕಿಕೊಂಡು ಹೋಗುವುದು ಅಪರೂಪ.

ಇದೇ ಥರದ ಇನ್ನೊಂದು ಸೈಟ್‌ನಲ್ಲಿ, ಹೆಸರು ಬೇಡ, ಕೊನೆಯ ಹಂತದಲ್ಲಿ ಸೈಟ್‌ಗೂ ಟಿಪ್ ಅಂತ ಒಂದು ಮೊತ್ತ ಮೊದಲೇ ಸೇರಿಸಿಟ್ಟಿತ್ತು. ಅದನ್ನು ಸೊನ್ನೆಗೆ ತರಲು ಬಟನ್ ಹುಡುಕಬೇಕಾಯಿತು. ಕೇಳಿದರೆ ಕೊಡುತ್ತಿದ್ದೆನೇನೋ, ಕೇಳದೆ ಜೇಬಿಗೆ ಕೈ ಹಾಕಿದ್ದು ಸಿಟ್ಟು ಬರಿಸಿತು. ಪಾವತಿ ಒತ್ತುವ ಮೊದಲು ಒಟ್ಟು ಮೊತ್ತ ಒಮ್ಮೆ ಓದಿ.

ಪೇಟ್ರಿಯಾನ್ 2013ರಲ್ಲಿ ಶುರುವಾಯಿತು, ಶುರು ಮಾಡಿದವರಲ್ಲಿ ಒಬ್ಬರಾದ ಜ್ಯಾಕ್ ಕಾಂಟೆ ತಾವೇ ಸಂಗೀತಗಾರರು. ತಿಂಗಳಿಗೆ ಇಷ್ಟು ಬರುತ್ತದೆ ಅಂತ ಗೊತ್ತಿದ್ದರೆ ಬಾಡಿಗೆ ಕಟ್ಟುವವರಿಗೆ ಎಷ್ಟು ನಿರಾಳ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸಂಗೀತ ತಿಂಗಳ ಲೆಕ್ಕದಲ್ಲಿ ಹುಟ್ಟುವುದಿಲ್ಲ. ಒಂದು ಆಲ್ಬಮ್‌ಗೆ ಎರಡು ವರ್ಷ ಬೇಕಾದರೆ ಅಷ್ಟೂ ತಿಂಗಳು ಸದಸ್ಯರಿಗೆ ಏನು ಕೊಡುವುದು? ಆಗ ಶುರುವಾಗುತ್ತದೆ ರಿಹರ್ಸಲ್ ವಿಡಿಯೋ, ಅರ್ಧಂಬರ್ಧ ಡೆಮೊ, ಕ್ಷಮಿಸಿ ಈ ತಿಂಗಳು ತಡವಾಯಿತು ಅನ್ನುವ ಪೋಸ್ಟ್. ನಾನು ಬೆಂಬಲಿಸುವ ಕೆಲವರ ಪೇಜ್‌ನಲ್ಲಿ ಹಾಡಿಗಿಂತ ಕ್ಷಮೆಯೇ ಜಾಸ್ತಿ. ಪಾಪ, ಅವರನ್ನು ಬೈದು ಏನು ಮಾಡುವುದು, ವ್ಯವಸ್ಥೆ ಅವರಿಂದ ಅದನ್ನು ಮಾಡಿಸುತ್ತಿದೆ.

ಶುಲ್ಕವೂ ಏರುತ್ತಲೇ ಬಂದಿದೆ. ಮೊದಲು ಶೇ. 5 ಇದ್ದದ್ದು, 2025ರ ಆಗಸ್ಟ್‌ನಿಂದ ಹೊಸದಾಗಿ ಸೇರುವ ಕಲಾವಿದರಿಗೆ ಶೇ. 10, ಪಾವತಿ ಶುಲ್ಕ ಬೇರೆ. ನಾನು ಮೇಲೆ ಹೇಳಿದ ಚಿಲ್ಲರೆ ಹಣದ ಜಗಳ ಅಲ್ಲಿ ಬಯಲಿಗೇ ಬಂದಿತ್ತು. 2017ರ ಡಿಸೆಂಬರ್‌ನಲ್ಲಿ, ಪ್ರತಿ ಕೊಡುಗೆಯ ಮೇಲೂ ಶೇ. 2.9 ಮತ್ತು 35 ಸೆಂಟ್ ಕೊಡುವವರಿಂದಲೇ ವಸೂಲಿ ಮಾಡುತ್ತೇವೆ ಅಂದರು. ಒಬ್ಬೊಬ್ಬರಿಗೆ ಒಂದೊಂದು ಡಾಲರ್ ಅಂತ ಹಲವರಿಗೆ ಹಂಚುತ್ತಿದ್ದ ಕೇಳುಗರಿಗೆ ಒಂದು ಡಾಲರ್‌ಗೆ 1.38 ಕಟ್ಟುವ ಹಾಗಾಗುತ್ತಿತ್ತು. ಎಷ್ಟೋ ಜನ ಕೊಡುವುದನ್ನೇ ನಿಲ್ಲಿಸಿದರು, ಗಲಾಟೆ ಜೋರಾಗಿ ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಆ ಯೋಜನೆ ಕೈಬಿಟ್ಟಿತು.

ಐಫೋನ್ ಇರುವವರು ಇನ್ನೊಂದು ನೋಡಿಕೊಳ್ಳಬೇಕು. ಆ್ಯಪ್ ಒಳಗೇ ಆ್ಯಪಲ್ ಮೂಲಕ ಕಟ್ಟಿದರೆ ಆ್ಯಪಲ್‌ನ ಶೇ. 30 ಶುಲ್ಕ ಬೀಳುತ್ತದೆ, ಅದನ್ನು ಒಂದೋ ನೀವು ಕೊಡುತ್ತೀರಿ, ಇಲ್ಲ ಕಲಾವಿದರು ಹೊರುತ್ತಾರೆ. ಬ್ರೌಸರ್ ತೆರೆದು ಸೇರಿದರೆ ಆ ಗೋಜೇ ಇಲ್ಲ. ವಾರ್ಷಿಕ ಸದಸ್ಯತ್ವ ಇಟ್ಟಿದ್ದರೆ ಅದನ್ನೇ ತಗೊಳ್ಳಿ, ಹನ್ನೆರಡು ಸಲ ಬೀಳುವ ಶುಲ್ಕ ಒಂದೇ ಸಲಕ್ಕೆ ಮುಗಿಯುತ್ತದೆ.

ಈ ಚಿಲ್ಲರೆ ತಲೆನೋವನ್ನು ಸರಿಯಾಗಿ ಅರ್ಥ ಮಾಡಿಕೊಂಡಿರುವವರು ಅಂದರೆ ಲಿಬೆರಾಪೇ. ಫ್ರಾನ್ಸ್‌ನ ಲಾಭರಹಿತ ಸಂಸ್ಥೆ, ಕಮಿಷನ್ ಇಲ್ಲ, ಅವರ ಖರ್ಚೂ ದೇಣಿಗೆಯಿಂದಲೇ ನಡೆಯುತ್ತದೆ. ನೀವು ವಾರಕ್ಕೆ ಇಷ್ಟು ಅಂತ ಬರೆದರೂ ಹಣವನ್ನು ಹಲವು ವಾರಗಳದ್ದು ಒಟ್ಟಿಗೆ ಮುಂಗಡವಾಗಿ ತಗೊಳ್ಳುತ್ತಾರೆ, ಶುಲ್ಕ ಉಳಿಯಲಿ ಅಂತಲೇ. ನನ್ನ ಪಟ್ಟಿಯಲ್ಲಿ ಇದೇ ಮೊದಲು ಇರಬೇಕಿತ್ತು, ಆದರೆ ಅಲ್ಲಿ ಸಾಫ್ಟ್‌ವೇರ್ ಬರೆಯುವವರೇ ಜಾಸ್ತಿ, ಸಂಗೀತದವರು ಕಡಿಮೆ.

ಯಾವುದೇ ಪೇಜ್‌ನಲ್ಲಿ ಕೊಡುವ ಮೊದಲು ಆ ಪೇಜ್ ಯಾರದು ಅಂತ ನೋಡಿ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಂದೇ ಆಲ್ಬಮ್ ಲೇಬಲ್‌ನ ಪೇಜ್‌ನಲ್ಲೂ ಇರಬಹುದು, ಕಲಾವಿದರ ಸ್ವಂತ ಪೇಜ್‌ನಲ್ಲೂ ಇರಬಹುದು. ಲೇಬಲ್ ಪೇಜ್‌ನಲ್ಲಿ ಜಾಸ್ತಿ ಹಾಕಿದ ಹಣ ಮೊದಲು ಲೇಬಲ್‌ಗೇ ಹೋಗುತ್ತದೆ, ಅದರಲ್ಲಿ ಕಲಾವಿದರಿಗೆ ಎಷ್ಟು ಅನ್ನುವುದು ಅವರವರ ಒಪ್ಪಂದ. ಸ್ವಂತ ಪೇಜ್ ಇದ್ದರೆ ಅಲ್ಲಿಗೇ ಹೋಗಿ ತಗೊಳ್ಳಿ. ಇಲ್ಲದಿದ್ದರೆ ಆಲ್ಬಮ್ ಅನ್ನು ಕೇಳಿದ ಬೆಲೆಗೇ ತಗೊಂಡು, ಜಾಸ್ತಿ ಕೊಡಬೇಕು ಅಂದುಕೊಂಡದ್ದನ್ನು ಅವರ ಕೋ-ಫೈಗೆ ಹಾಕಿ.