ಪಬ್‌ಮೆಡ್‌ನಲ್ಲಿ ಏಳು ವರ್ಷ ಮಂಗನ ಕಾಯಿಲೆ ಹುಡುಕಿದ ಮೇಲೆ

ಪತ್ರಿಕೆಗಳಿಗೆ ಆರೋಗ್ಯ ಲೇಖನ ಬರೆಯುವ ನಾನು ವೈದ್ಯನಲ್ಲ. ಹಾಗಾಗಿ ಪ್ರತಿ ಸಾಲಿಗೂ ಆಧಾರ ಹುಡುಕಬೇಕಾಗುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1997ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ, ವೈದ್ಯಕೀಯ ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್ ಅನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ಏನೇನಿದೆ ಎಂಬುದನ್ನು ಬಿಟ್ಟು, ಅಲ್ಲಿ ಏನು ಟೈಪಿಸಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲ ದಿನ ‘ಕೆಎಫ್‌ಡಿ’ ಎಂದು ಕೊಟ್ಟೆ; ಮಲೆನಾಡಿನ ಆಸ್ಪತ್ರೆಗಳಲ್ಲಿ ಮಂಗನ ಕಾಯಿಲೆಗೆ ಅದೇ ಹೆಸರು. ಬಂದ ದಾಖಲೆಗಳಲ್ಲಿ ಹಲವು ಕತ್ತಿನ ದುಗ್ಧಗ್ರಂಥಿ ಊದಿಕೊಳ್ಳುವ ಬೇರೊಂದು ಕಾಯಿಲೆಯವು. ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಅವರ ಹೆಸರು ಹೊತ್ತ ಅದರ ಸಂಕ್ಷೇಪವೂ ಕೆಎಫ್‌ಡಿಯೇ! ‘ಮಂಕಿ ಫೀವರ್’ ಎಂದರೆ ಹಳದಿ ಜ್ವರವೂ ಜೊತೆಗೆ ನುಗ್ಗಿತು. ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂದು ಪೂರ್ತಿ ಬರೆದ ಮೇಲೆಯೇ ಪಟ್ಟಿ ಹದಕ್ಕೆ ಬಂದದ್ದು, ಏಕೆಂದರೆ ‘ಮೆಶ್’ ಎಂಬ ಅವರ ವಿಷಯಪದಕೋಶದಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನ ಹೆಸರೇ ರೋಗದ ಅಧಿಕೃತ ಶೀರ್ಷಿಕೆ. ನಾವು ಕೊಟ್ಟ ಪದವನ್ನು ಯಂತ್ರ ಹೇಗೆ ಅರ್ಥಮಾಡಿಕೊಂಡಿತು ಎಂಬುದು ಅಡ್ವಾನ್ಸ್‌ಡ್ ಪುಟದ ‘ಡೀಟೇಲ್ಸ್’ನಲ್ಲಿ ಕಾಣುತ್ತದೆ, ಅದನ್ನು ನೋಡದೆ ನಾನೀಗ ಒಂದು ದಾಖಲೆಯನ್ನೂ ತೆರೆಯುವುದಿಲ್ಲ.

ನನ್ನದೇ ಇನ್ನೊಂದು ತಪ್ಪು ಗೊತ್ತಾಗಲು ಎರಡು ವರ್ಷ ಬೇಕಾಯಿತು. ರೋಗದ ಹೆಸರಿನ ಜೊತೆ ‘ಕರ್ನಾಟಕ’ ಸೇರಿಸುತ್ತಿದ್ದೆ. ರೋಗ ಪತ್ತೆಯಾದ 1957ರಲ್ಲಿ ನಮ್ಮದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ; ಹಾಗಾಗಿ ಹಳೆಯ ದಾಖಲೆಗಳು ಕೈತಪ್ಪುತ್ತಿದ್ದವು. ಶಿವಮೊಗ್ಗವೂ ಇಂಗ್ಲಿಷಿನಲ್ಲಿ 2014ರವರೆಗೆ ‘ಶಿಮೊಗ’ ಆಗಿಯೇ ಇತ್ತು. ಈಗ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕೂ ಹೆಸರುಗಳನ್ನು ನಡುನಡುವೆ ದೊಡ್ಡಕ್ಷರದ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಬರೆದಿಟ್ಟುಕೊಂಡಿದ್ದೇನೆ. ಅದೇ ಹುಡುಕಾಟವನ್ನು ಖಾತೆಯಲ್ಲಿ ಉಳಿಸಿರುವುದರಿಂದ ಹೊಸ ದಾಖಲೆ ಸೇರಿದ ವಾರ ಇಮೇಲ್ ತಾನಾಗಿ ಬರುತ್ತದೆ. ಭಾನುವಾರ ಕಾಫಿ ಲೋಟ ಹಿಡಿದು ಅದನ್ನು ತೆರೆಯುವುದು, ಈ ರೋಗ ಹರಡುವ ಉಣುಗಿನ ಬಗ್ಗೆ ಹೊಸತೇನಾದರೂ ಇದೆಯೇ ಎಂದು ಶೀರ್ಷಿಕೆಗಳ ಮೇಲೆ ಕಣ್ಣಾಡಿಸುವುದು ನನಗೆ ಪತ್ರಿಕೆ ಓದುವುದಕ್ಕಿಂತ ಹೆಚ್ಚು ಹಿತ.

ಆ ಹಿತ ಕೆಡುವುದು ಕೊಂಡಿ ಒತ್ತಿದಾಗ. ಪಬ್‌ಮೆಡ್ ಕೊಡುವುದು ದಾಖಲೆ, ಬಹುಪಾಲು ಸಾರಾಂಶ. ಪೂರ್ಣ ಪಾಠವಿರುವುದು ಪ್ರಕಾಶಕರ ಬಳಿ. ಎಂಟು ಪುಟದ ಒಂದು ಪ್ರಬಂಧಕ್ಕೆ ಒಬ್ಬ ಪ್ರಕಾಶಕರು ಕೇಳಿದ ಮೊತ್ತ ನನ್ನ ಎರಡು ಲೇಖನಗಳ ಸಂಭಾವನೆಗಿಂತ ಹೆಚ್ಚಿತ್ತು. ಅಂದು ಸಿಟ್ಟಿನಿಂದ ಲ್ಯಾಪ್‌ಟಾಪ್ ಮುಚ್ಚಿದ್ದೆ. ಈಗ ಎಡಬದಿಯ ‘ಫ್ರೀ ಫುಲ್ ಟೆಕ್ಸ್ಟ್’ ಚೌಕಕ್ಕೆ ಮೊದಲು ಗುರುತು ಹಾಕುತ್ತೇನೆ. ಅಲ್ಲಿ ಸಿಗದಿದ್ದರೆ ಲೇಖಕರಿಗೇ ಎರಡು ಸಾಲು ಬರೆಯುತ್ತೇನೆ. ಆ ಎಂಟು ಪುಟಗಳೂ ಹಾಗೆಯೇ ಮರುದಿನ ಬೆಳಿಗ್ಗೆ ಬಂದಿದ್ದವು.